ಒಂಟಿಗಿವಿಗೊಂದು ಮನೆ ಬೇಕು

ದನದ ದವಾಖಾನೆಯಲ್ಲಿ ಕಂಪೌಂಡರ್ ಆದವನಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದು ಬಾಲ ಅಲ್ಲಾಡಿಸುತ್ತ ಬಾಗಿಲಿಗೆ ಬಂದು ನಿಂತಿರುತ್ತದೆ. ಸಿರುಗುಪ್ಪ, ಕುರುಗೋಡು, ಕೊನೆಗೆ ಬಳ್ಳಾರಿ, ಎಲ್ಲಿ ಹೋದರೂ ಗಾಯ ತೊಳೆದು ಪಟ್ಟಿ ಕಟ್ಟುವುದು ನನ್ನ ಕೆಲಸ. ಆದರೆ ಕಳೆದುಹೋದ ನಾಯಿ, ಯಾರೋ ಬಿಟ್ಟುಹೋದ ಬೆಕ್ಕು, ಎಲ್ಲಾ ಬಂದು ಸೇರುವುದು ನನ್ನ ಟೇಬಲ್ಲಿನ ಕೆಳಗೇ. ಅವಕ್ಕೆ ಮನೆ ಹುಡುಕುವುದೂ ನನ್ನ ಪಾಲಿಗೇ.

ಈ ಸಲ ಟೇಬಲ್ ಕೆಳಗೆ ಇದ್ದದ್ದು ಒಂದು ಕಂದು ಬಣ್ಣದ ಬೀದಿನಾಯಿ. ಬಲಗಿವಿ ಕೊಳೆತಿತ್ತು, ಡಾಕ್ಟರು ಕತ್ತರಿಸಿ ಜೀವ ಉಳಿಸಿದರು. ಒಂಟಿಗಿವಿ ಅಂತಲೇ ಹೆಸರಾಯಿತು. ಶನಿವಾರ ನನಗೆ ನಿವೃತ್ತಿ. ಅಷ್ಟರೊಳಗೆ ಮನೆ ಸಿಗದಿದ್ದರೆ ಅದಕ್ಕೆ ಮತ್ತೆ ಬೀದಿಯೇ ಗತಿ. ನನ್ನ ಮನೆಗೆ ಒಯ್ಯುವಂತಿರಲಿಲ್ಲ. "ನಾಯಿ ತಂದ್ರ ಅದನ್ನ ಒಳಗ ಕರ್ಕೊಂತೀನಿ, ನಿಮ್ಮನ್ನ ಹೊರಗ ಹಾಕ್ತೀನಿ" ಎಂದು ಹೆಂಡತಿ ಮೊದಲೇ ಹೇಳಿದ್ದಳು.

ಸಿರುಗುಪ್ಪದ ಬೆಕ್ಕುಗಳು

ಮನೆ ಸಿಕ್ಕರೂ ಎಲ್ಲ ಮುಗಿಯಿತು ಅನ್ನುವಂತಿಲ್ಲ. ಸಿರುಗುಪ್ಪದಲ್ಲಿದ್ದಾಗ ಅಕ್ಕಿ ಗಿರಣಿಯವರೊಬ್ಬರು ಇಲಿ ಕಾಟಕ್ಕೆಂದು ಎರಡು ಅನಾಥ ಮರಿಬೆಕ್ಕು ಒಯ್ದರು. ನಾನು ದೊಡ್ಡ ಕೆಲಸ ಮಾಡಿದವನಂತೆ ಎರಡು ದಿನ ಬೀಗಿದೆ. ನಾಲ್ಕು ತಿಂಗಳಾದ ಮೇಲೆ ಅವರು ಚೀಲ ಹೊತ್ತು ಬಂದರು. ಒಳಗೆ ಅದೇ ಬೆಕ್ಕುಗಳು, ಕುಂಬಳಕಾಯಿಯಂತೆ ಊದಿದ್ದವು. ಗಿರಣಿಯವರೆಲ್ಲ ಪ್ರೀತಿಯಿಂದ ಮೂರು ಹೊತ್ತು ಹಾಲು ಮೊಸರು ಹಾಕಿದ್ದರಂತೆ.

"ಆರೋಗ್ಯ ಚೊಲೋ ಐತಲ್ರಿ, ಮತ್ತೇನು ತೊಂದ್ರಿ?" ಎಂದೆ.

"ಇಲಿ ಬಂದ್ರ ನಮ್ಮ ತೊಡಿ ಏರಿ ಕುಂದರ್ತಾವ್ರಿ. ಧೈರ್ಯ ಬರಂಥಾದ್ದು ಏನರ ಇಂಜಕ್ಷನ್ ಐತೇನು?"

ಕುರುಗೋಡಿನ ಪಗ್

ಕುರುಗೋಡಿನಲ್ಲಿ ಒಬ್ಬ ಅಜ್ಜಿ ದಾರಿತಪ್ಪಿದ ಪಗ್ ನಾಯಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಅಂಥ ಚಪ್ಪಟೆ ಮೂತಿಯ ನಾಯಿಯನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು.

"ಯಾರೋ ಪಾಪಿಗಳು ಮುಖಕ್ಕ ಗುದ್ಯಾರಪ್ಪ. ನೋಡು, ಮೂಗು ಒಳಗ ಹೋಗೈತಿ. ಮೂರು ದಿನ ಹರಳೆಣ್ಣಿ ಹಚ್ಚಿ ತಿಕ್ಕೀನಿ, ಒಂದು ಸುಕ್ಕರ ಹೋಗವಲ್ದು."

ಅದು ಹುಟ್ಟಿದ್ದೇ ಹಾಗೆ ಎಂದರೂ ನಂಬಲಿಲ್ಲ. ಮರುದಿನ ಅಜ್ಜಿ ಮತ್ತೆ ಬಂದಿದ್ದಾಗಲೇ ನಾಯಿಯ ಯಜಮಾನರು ಹುಡುಕಿಕೊಂಡು ಬಂದರು. ನಾಯಿಯನ್ನು ಎತ್ತಿಕೊಳ್ಳಲು ಹೋದರೆ ಎಣ್ಣೆಗೆ ಎರಡು ಸಲ ಜಾರಿತು. ಅಜ್ಜಿ ಅವರ ಮುಖವನ್ನೇ ದಿಟ್ಟಿಸಿ ನೋಡಿ ನನ್ನ ಕಿವಿಯಲ್ಲಿ ಹೇಳಿದಳು: "ಪಾಪ, ಮನಿಯವರಿಗೂ ಹಂಗ ಹೊಡದಾರ ನೋಡು."

ಗಾಂಧಿನಗರದ ಪರೀಕ್ಷೆ

ಒಂಟಿಗಿವಿಯನ್ನು ನೋಡಲು ಗಾಂಧಿನಗರದಿಂದ ಒಬ್ಬರು ಬಂದರು. ಹೊಸ ಮನೆ ಕಟ್ಟಿಸಿದ್ದರು. ನಾಯಿಯ ಹಲ್ಲು ನೋಡಿದರು, ಬೊಗಳಿಸಿ ನೋಡಿದರು, ಎಲ್ಲಾ ಒಪ್ಪಿಗೆಯಾಯಿತು. ನನಗೆ ಆಸೆ ಹುಟ್ಟಿತು. ಆಮೇಲೆ ಫೋನಿನಲ್ಲಿ ವಾಸ್ತು ಹೇಳುವವರನ್ನು ಕೇಳಿ ಬಂದು ತಲೆ ಅಲ್ಲಾಡಿಸಿದರು.

"ಇಲ್ಲದ್ದು ಎಡಗಿವಿ ಆಗಿದ್ರ ಒಯ್ತಿದ್ದೆ. ನಮ್ಮ ಬಾಗಲಾ ಇರೋ ದಿಕ್ಕಿಗೆ ಬಲಗಿವಿ ಬೇಕಂತ."

"ಹಿಂದ ಮುಂದ ತಿರುಗಿಸಿ ಕಟ್ರಿ" ಎಂದೆ ಸಿಟ್ಟಿನಿಂದ. ಅವರು ಅದನ್ನೂ ಫೋನ್ ಮಾಡಿ ಕೇಳಿದರು.

ಹಗ್ಗದ ರೀತಿ

ಶನಿವಾರ ಬಂತು. ಸಂಜೆಗತ್ತಲಾಗುವ ಹೊತ್ತಿಗೆ, ಆಸೆಯನ್ನೇ ಬಿಟ್ಟಾಗ, ಹಚ್ಚೊಳ್ಳಿಯಿಂದ ಒಬ್ಬ ಹಿರಿಯ ರೈತರು ಬಂದರು. ಭತ್ತದ ರಾಶಿ ಕಾಯಲು ನಾಯಿ ಬೇಕಿತ್ತು. "ಒಂದ ಕಿವಿ ಐತ್ರಿ" ಎಂದು ಮೊದಲೇ ಹೇಳಿದೆ. "ಕಳ್ಳ ಬಂದ್ರ ಕೇಳಾಕ ಒಂದ ಸಾಕು" ಎಂದರು. ಅವರ ಕೈ ಹಿಡಿದುಕೊಳ್ಳಬೇಕು ಅನಿಸಿತು.

ನಾಯಿಯನ್ನು ಹಗ್ಗದ ಸಮೇತ ಕೊಡಹೋದರೆ ಅವರು ಹಿಂದೆ ಸರಿದರು. ಎತ್ತು ಕೊಡುವಾಗ ಹಗ್ಗ ಕೊಡುವವರ ಬಳಿಯೇ ಉಳಿಯಬೇಕು, ಕೊಂಡವರು ತಮ್ಮ ಹಗ್ಗ ತರಬೇಕು ಎಂಬುದು ನಮ್ಮ ಕಡೆಯ ರೀತಿ; ಹಗ್ಗ ಹೋದರೆ ಅದರೊಂದಿಗೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂಬ ನಂಬಿಕೆ.

"ಯಜಮಾನ್ರ, ಇದು ನಾಯಿ."

"ನಾಯಿ ಆದ್ರೇನ್ರಿ, ರೀತಿ ರೀತೀನ. ನಿಮ್ಮ ಮನಿ ಲಕ್ಷ್ಮಿ ನಿಮ್ಮ ಮನ್ಯಾಗ ಇರ್ಲಿ. ಗೇಟಿನ ಹೊರಗ ಬಿಚ್ರಿ. ನನ್ನ ಹಗ್ಗ ಕಟ್ಟಿದ ಮ್ಯಾಲೆ ಊರು ಮುಟ್ಟೋತನಕ ನಾನು ತಿರುಗಿ ನೋಡಂಗಿಲ್ಲ."

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಇನ್ನೂ ಮೂರ್ನಾಲ್ಕು ಕಂದು ನಾಯಿಗಳಿದ್ದವು. ನಾನು ಹಗ್ಗ ಬಿಚ್ಚಿದ್ದೇ ತಡ, ಒಂಟಿಗಿವಿ ಮೈ ಕೊಡವಿ ಅವುಗಳ ನಡುವೆ ಸೇರಿಕೊಂಡಿತು. ಅದೇ ಹೊತ್ತಿಗೆ ನನ್ನ ಬೀಳ್ಕೊಡುಗೆಗೆ ಕಾದಿದ್ದ ಡಾಕ್ಟರು ಒಳಗಿಂದ, "ಹಾರ ಒಣಗಾಕ ಹತ್ತೈತಿ, ಬರ್ರಿ" ಎಂದು ಕೂಗಿದರು. "ಹಿಡದೆ, ನೀವು ಹೋಗ್ರಿ" ಎಂದರು ಹಿರಿಯರು. ಹಾರ ಹಾಕಿಸಿಕೊಳ್ಳುತ್ತ ಕಿಟಕಿಯಿಂದ ನೋಡಿದೆ. ಅವರು ನೆಟ್ಟಗೆ ತಮ್ಮೂರಿನ ಟ್ರ್ಯಾಕ್ಟರ್ ಕಡೆ ನಡೆದಿದ್ದರು, ಹಿಂದೆ ಒಂದು ಕಂದು ಬಾಲ. ನನ್ನ ಕಣ್ಣು ತುಂಬಿತು. ಡಾಕ್ಟರು ಅದು ತಮ್ಮ ಭಾಷಣಕ್ಕೆ ಎಂದುಕೊಂಡರು.

ಎಲ್ಲ ಮುಗಿಸಿ ಚೀಲ ತೆಗೆದುಕೊಳ್ಳಲು ಟೇಬಲ್ಲಿಗೆ ಬಂದರೆ, ಕೆಳಗೆ ಒಂಟಿಗಿವಿ ನಿದ್ದೆ ಮಾಡುತ್ತಿತ್ತು. ಹೊರಗೆ ಓಡಿದೆ. ಟ್ರ್ಯಾಕ್ಟರ್ ಹೊರಟುಹೋಗಿತ್ತು.

ನನ್ನ ಕೊರಳಲ್ಲಿ ಹಾರ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ನಾಯಿ. ಹಾಗೇ ಮನೆ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಹೆಂಡತಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದಳು.

"ಹಗ್ಗದಾಗ ಲಕ್ಷ್ಮಿ ಇರ್ತಾಳ ಅಂತ ಆ ಹಿರೇರ ಹೇಳ್ಯಾರ. ಹಗ್ಗಕ್ಕ ಕಟ್ಕೊಂಡು ಬಂದದ್ದನ್ನ ನಾ ಹೆಂಗ ಓಡಸ್ಲಿ? ಬಾ ಲಕ್ಷ್ಮೀ."

"ಗಂಡು ನಾಯಿ ಐತಿ!"

"ನೀವು ಸುಮ್ಕಿರ್ರಿ, ಅದಕ್ಕ ಅರ್ಧನ ಕೇಳಸ್ತೈತಿ."

ಭಾನುವಾರ ಬೆಳಿಗ್ಗೆ ಹಚ್ಚೊಳ್ಳಿಯಿಂದ ಫೋನು ಬಂತು. ಹಿರಿಯರ ದನಿಯಲ್ಲಿ ಸಂಕೋಚವಿತ್ತು.

"ಸಾಹೇಬ್ರ, ನಾಯಿ ಭಾಳ ಶಾಣ್ಯಾ ಐತಿ. ಆದ್ರ ನೀವು ಒಂದ ಕಿವಿ ಅಂತ ಹೇಳಿ ಕೊಟ್ರಿ, ಬೆಳಕಿನ್ಯಾಗ ನೋಡಿದ್ರ ಎರಡು ಅದಾವ. ನಾನು ಇನ್ನೊಬ್ಬರದು ಹೆಚ್ಚಿಗಿ ಇಟ್ಕೊಳ್ಳೋನಲ್ಲ. ವಾಪಸ್ ತರ್ಲೇನ್ರಿ?"

ಆ ನಾಯಿಗೂ ಮನೆ ಸಿಕ್ಕಿದೆ, ಅದನ್ನು ಕಳೆಯುವುದು ಯಾಕೆ ಎನಿಸಿತು. "ಬ್ಯಾಡ್ರಿ ಯಜಮಾನ್ರ. ನೀವು ರೀತಿ ಪ್ರಕಾರ ತಿರುಗಿ ನೋಡದಂಗ ಒಯ್ದೀರಲ್ಲ, ಅದಕ್ಕ ಇನ್ನೊಂದು ಬೆಳದೈತಿ" ಎಂದುಬಿಟ್ಟೆ.

ಹಿರಿಯರು ದನಿ ತಗ್ಗಿಸಿ ಕೇಳಿದರು:

"ಹೌದಾ? ಹಂಗಾರ ನಮ್ಮ ಕುಂಟ ಎತ್ತನ್ನ ಒಂದ್ಸಲ ಬೀಗರಿಗೆ ಕೊಟ್ಟು, ತಿರುಗಿ ನೋಡದಂಗ ವಾಪಸ್ ತರ್ಲೇನ್ರಿ?"