ಹಸುದಾರಿಗೆ ಕೆಂಪು ಬಣ್ಣ ಹಚ್ಚಲು ಹೋಗಿ

"ಈ ಚಳಿಗಾಲ ಮುಗಿಯೋದ್ರೊಳಗೆ ನಮ್ಮ ಬೆಟ್ಟದ ಬಣ್ಣಗಳನ್ನ ಸರಿಪಡಿಸದೇ ಇದ್ರೆ ನನ್ನ ಹೆಸರು ವೆಂಡೆಲೀನ್ ಅಲ್ಲ!" ಎಂದು ನಾನು ಬೆಣ್ಣೆ ಸವರುವ ಚಾಕುವನ್ನು ಖಡ್ಗದಂತೆ ಎತ್ತಿ ಹಿಡಿದು ಘೋಷಿಸಿದೆ.

ಎದುರಿಗೆ ಕುಳಿತಿದ್ದ ನನ್ನ ಹೆಂಡತಿ ಬುರ್ಗಿ ಬ್ರೆಡ್ಡಿಗೆ ಜಾಮ್ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ಮೊದ್ಲು ಸ್ನಾನದ ಮನೆ ಬಣ್ಣ ಸರಿಪಡಿಸು. ನೀಲಿ ಡಬ್ಬಿ ತಂದಿಟ್ಟು ಎರಡು ವರ್ಷ ಆಯ್ತು. ಆಗ್ಲೂ ಹಿಂಗೇ ಹೆಸರು ಪಣಕ್ಕಿಟ್ಟಿದ್ದೆ."

"ಬುರ್ಗಿ, ನಾನು ಸತ್ಯದ ವಿಚಾರ ಮಾತಾಡ್ತಿದೀನಿ!"

"ನಾನು ಗೋಡೆ ವಿಚಾರ ಮಾತಾಡ್ತಿದೀನಿ."

ಆಲ್ಪ್ಸ್ ಬೆಟ್ಟಗಳ ನಡುವಿನ ನಮ್ಮ ಟಿರೋಲಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಕಲಿಯುವುದು ಮೂರು ಬಣ್ಣ. ಸ್ಕೀ ದಾರಿಯ ಬೋರ್ಡು ನೀಲಿಯಾಗಿದ್ದರೆ ಸುಲಭ, ಕೆಂಪಾಗಿದ್ದರೆ ಮಧ್ಯಮ, ಕಪ್ಪಾಗಿದ್ದರೆ ದೇವರ ಮೇಲೆ ಭಾರ! ನೂರು ಮೀಟರು ಮುಂದೆ ಹೋದರೆ ಇಪ್ಪತ್ತೈದು ಮೀಟರಿನವರೆಗೆ ಇಳಿಯುವ ದಾರಿ ನೀಲಿ, ನಲವತ್ತರವರೆಗೆ ಕೆಂಪು, ಅದರಾಚೆ ಕಪ್ಪು. ಆದರೆ ಈ ಬಿರುದುಗಳನ್ನು ನಮ್ಮ ಬೆಟ್ಟಕ್ಕೆ ದಯಪಾಲಿಸಿದವರು ಯಾರು? ಅಳೆದವರು ಯಾರು? ಯಾರೂ ಇಲ್ಲ! ಐವತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಕಣ್ಣಳತೆಯಲ್ಲಿ ಹಂಚಿ ಹೋದದ್ದು.

ನನ್ನ ಕೈಯಲ್ಲಿ ಇಳಿಜಾರು ಅಳೆಯುವ ಉಪಕರಣವಿತ್ತು. ನಮ್ಮ ಮನೆತನದಲ್ಲಿ ಏಳು ತಲೆಮಾರಿನವರು ಹಾಲು ಅಳೆದರು. ಕಾಲೇಜಿಗೆ ಹೋಗಿ ಭೂಮಿ ಅಳೆಯಲು ಕಲಿತು, ಊರಿನ ಕಚೇರಿಯಲ್ಲಿ ಸರ್ವೇಯರ್ ಆಗಿ ಕುಳಿತ ಮೊದಲಿಗ ನಾನು. ಅಂಥವನು ಸುಳ್ಳು ಬಣ್ಣ ನೋಡಿಕೊಂಡು ಸುಮ್ಮನಿರುವುದುಂಟೇ? ಮೂರು ವಾರ, ಮೂಗಿನ ತುದಿ ಮರಗಟ್ಟುವವರೆಗೆ, ಹನ್ನೊಂದು ಸ್ಕೀ ದಾರಿಗಳನ್ನು ಅಡಿಯಿಂದ ಮುಡಿಯವರೆಗೆ ಅಳೆದೆ.

ಎರಡು ದೊಡ್ಡ ಮೋಸಗಳು ಬಯಲಾದವು!

ಮೊದಲನೆಯದು 'ಸೈತಾನನ ಗಂಟಲು'. ನಮ್ಮ ಕಣಿವೆಯ ಕೀರ್ತಿಪತಾಕೆ. ಇದರ ತಲೆಯ ಮೇಲೆ ನಿಂತು ಪ್ರವಾಸಿಗರು ಮನೆಗೆ ಫೋನ್ ಮಾಡಿ ಹಳೆಯ ತಪ್ಪುಗಳಿಗೆಲ್ಲ ಕ್ಷಮೆ ಕೇಳುತ್ತಾರೆ. ಅಳೆದು ನೋಡಿದರೆ ಮೇಲಿನ ಅರವತ್ತು ಹೆಜ್ಜೆ ಮಾತ್ರ ಕಪ್ಪು. ಉಳಿದದ್ದೆಲ್ಲ ಕೆಂಪು, ಕೊನೆಯ ಭಾಗವಂತೂ ಬರೀ ತೊಟ್ಟಿಲು!

ಎರಡನೆಯದು 'ಹಸುದಾರಿ'. ಬೇಸಿಗೆಯಲ್ಲಿ ದನ ಹತ್ತುವ ದಾರಿ, ಚಳಿಗಾಲದಲ್ಲಿ ನೀಲಿ ಬೋರ್ಡು ಹೊತ್ತ ಪರಮ ಸಾಧು. ಆದರೆ ಅರ್ಧದಲ್ಲಿ ಒಂದು ಒರತೆಯ ತಿರುವಿದೆ. ಅಲ್ಲಿ ನೀರು ಜಿನುಗುತ್ತದೆ, ಮಾರ್ಚಿನವರೆಗೆ ಬಿಸಿಲು ಬೀಳುವುದಿಲ್ಲ, ನೆಲ ಕನ್ನಡಿಯಾಗಿರುತ್ತದೆ. ನನ್ನ ಉಪಕರಣ ತೋರಿಸಿದ ಅಂಕಿ ಮೂವತ್ತೆಂಟು! ನಾನು ಚಿಕ್ಕವನಿದ್ದಾಗ ನಮ್ಮ ಮುದಿ ಹಸು ಶೆಕ್ಕಿ ಅದೇ ತಿರುವಿನಲ್ಲಿ ನಾಲ್ಕೂ ಕಾಲು ಊರಿ, ಏನು ಮಾಡಿದರೂ ಮುಂದಕ್ಕೆ ಹೋಗುತ್ತಿರಲಿಲ್ಲ. ಹಸುವಿಗೆ ತಿಳಿದದ್ದು ಲಿಫ್ಟ್ ಕಂಪನಿಗೆ ತಿಳಿಯಬಾರದೇ?

ನಲವತ್ತೆರಡು ಪುಟದ ವರದಿ ಬರೆದೆ. ಸೈತಾನನ ಗಂಟಲಿಗೆ ಹಿಂಬಡ್ತಿ, ಹಸುದಾರಿಗೆ ಮುಂಬಡ್ತಿ. ಎರಡಕ್ಕೂ ಕೆಂಪು!

ಬುರ್ಗಿ ವರದಿಯ ಕೊನೆಯ ಪುಟ ಮಾತ್ರ ಓದಿದಳು. ಅವಳ ಮುಖವೂ ಕೆಂಪು ವರ್ಗಕ್ಕೆ ಬಡ್ತಿ ಪಡೆಯಿತು.

"ವೆಂಡೆಲ್, ನನ್ನ ತಿಂಡಿಮನೆ ಎಲ್ಲಿದೆ?"

"ಸೈತಾನನ ಗಂಟಲಿನ ಬುಡದಲ್ಲಿ."

"ಅಲ್ಲಿಗೆ ಜನ ಯಾಕೆ ಬರ್ತಾರೆ?"

"ನಿನ್ನ ಸೂಪು ಚೆನ್ನಾಗಿರುತ್ತೆ, ಅದಕ್ಕೆ."

"ಮಂಕೇ! ಬದುಕಿ ಬಂದ್ವಲ್ಲಾ ಅನ್ನೋ ಖುಷಿಗೆ ಬರ್ತಾರೆ. ಕೈ ನಡುಗ್ತಾ ಇರುತ್ತೆ, ಒಂದೊಂದು ಟೇಬಲ್ಲೂ ಎರಡೆರಡು ಗಂಟೆ ಕಥೆ ಹೇಳುತ್ತೆ. ಕೆಂಪು ದಾರಿ ಇಳಿದೋನು ಯಾವ ಕಥೆ ಹೇಳ್ತಾನೆ? ಸೀದಾ ಕೆಳಗೆ ಹೋಗ್ತಾನೆ! ಸರಿ, ಈಗ ಹೇಳು. ಆ ಸೂಪು ಮಾಡೋರು ಯಾರು?"

"ನಿಮ್ಮಮ್ಮ."

"ಅಮ್ಮ ಅಲ್ಲಿಗೆ ಹೆಂಗೆ ಬರ್ತಾಳೆ?"

ನಾನು ವರದಿಯನ್ನು ಮೆಲ್ಲಗೆ ಮಗುಚಿಟ್ಟೆ. ನಮ್ಮತ್ತೆ ಆಫ್ರಾ ಅವರಿಗೆ ಎಪ್ಪತ್ತೊಂಬತ್ತು. ಬೆಳಿಗ್ಗೆ ಲಿಫ್ಟಿನಲ್ಲಿ ತುದಿಗೆ ಹೋಗಿ, ಬೆನ್ನಿಗೆ ಬ್ರೆಡ್ಡಿನ ಬುಟ್ಟಿ ಕಟ್ಟಿಕೊಂಡು ಹಸುದಾರಿಯಲ್ಲಿ ಇಳಿದು ತಿಂಡಿಮನೆ ಸೇರುತ್ತಾರೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಡಾಕ್ಟರು ಅವರಿಗೆ ಒಂದೇ ಮಾತು ಹೇಳಿದ್ದರು: ನೀಲಿ ದಾರಿ ಮಾತ್ರ.

"ಒಂದೇ ವರದಿಯಿಂದ ಗಿರಾಕಿನೂ ಹೋದ, ಅಡುಗೆಯವಳೂ ಹೋದ್ಲು!" ಎಂದಳು ಬುರ್ಗಿ. "ತಿಂಡಿಮನೆ ಬಾಗಿಲು ಹಾಕಿದ್ಮೇಲೆ ಅಮ್ಮ ದಿನವಿಡೀ ಎಲ್ಲಿ ಕೂತಿರ್ತಾಳೆ ಗೊತ್ತಾ? ಈ ಕುರ್ಚಿ ಮೇಲೆ. ನಿನ್ನ ಎದುರಿಗೆ!"

ಒಂದು ಕ್ಷಣ ಸತ್ಯ ನಡುಗಿತು. ನಮ್ಮತ್ತೆ ನನ್ನನ್ನು ಯಾವಾಗಲೂ "ಅಳಿಯಂದ್ರೇ" ಎಂದೇ ಕರೆಯುವುದು. ಅದು ಮರ್ಯಾದೆಯಲ್ಲ, ಆಯುಧ. ಸಾಲದ್ದಕ್ಕೆ ಕಣಿವೆಯ ಮಾರ್ಟರ್ಲುಗಳಿಗೆ ಪದ್ಯ ಬರೆಯುವವರೂ ಅವರೇ. ನಮ್ಮ ದಾರಿಗಳ ಬದಿಯಲ್ಲಿ ಯಾರಾದರೂ ಸಿಡಿಲು ಬಡಿದೋ, ಮರ ಉರುಳಿಯೋ ಸತ್ತ ಕಡೆ ನೆಡುವ ಬಣ್ಣದ ಪುಟ್ಟ ಹಲಗೆ ಅದು. ಮೇಲೆ ಚಿಕ್ಕ ಸೂರು, ನಡುವೆ ಚಿತ್ರ, ಕೆಳಗೆ ಸತ್ತವನ ಗುಣವನ್ನೂ ದೋಷವನ್ನೂ ಪ್ರಾಸಬದ್ಧವಾಗಿ ಹೇಳುವ ನಾಲ್ಕು ಸಾಲು. ಅತ್ತೆಯ ಪ್ರಾಸಕ್ಕೆ ಸಿಕ್ಕಿದವನು ಎರಡು ಸಲ ಸತ್ತ ಹಾಗೆ!

ಆದರೂ ನಾನು ಬಗ್ಗಲಿಲ್ಲ. ವರದಿಯನ್ನು ಕಂಕುಳಲ್ಲಿಟ್ಟುಕೊಂಡು ಲಿಫ್ಟ್ ಕಂಪನಿಯ ಮೇಲ್ವಿಚಾರಕ ಕಸ್ಸಿಯಾನನ ಕಚೇರಿಗೆ ಹೋದೆ.

ಅವನು ವರದಿಯನ್ನು ಕೈಯಲ್ಲಿ ತೂಗಿ ನೋಡಿದ. "ಸರ್ವೇಯರ್ ಸಾಹೇಬ್ರೇ, ಕಾಗದದ ಮೇಲೆ ಯಾರೂ ಸ್ಕೀ ಮಾಡೋದಿಲ್ಲ. ಶನಿವಾರ ಬೆಟ್ಟಕ್ಕೆ ಬನ್ನಿ. ಎರಡೂ ದಾರಿ ಇಳಿದು ತೋರಿಸಿ. ಒಪ್ಪಿಗೆಯಾದ್ರೆ ಬೋರ್ಡು ಬದಲಾಯಿಸೋಣ."

"ತೋರಿಸ್ತೀನಿ! ಸೈತಾನನ ಗಂಟಲನ್ನ ತುಂಬಿದ ಹಾಲಿನ ಕ್ಯಾನ್ ಹಿಡ್ಕೊಂಡು, ಒಂದು ತೊಟ್ಟು ಚೆಲ್ಲದೆ ಇಳೀತೀನಿ!" ಎಂದುಬಿಟ್ಟೆ. ಏಳು ತಲೆಮಾರಿನ ರಕ್ತ ಮಾತಾಡಿತ್ತು. ತಡೆಯುವಷ್ಟರಲ್ಲಿ ಮಾತು ಕಣಿವೆಯ ಆಚೆ ತುದಿ ಮುಟ್ಟಿತ್ತು.

ಶನಿವಾರ ಅರ್ಧ ಊರೇ ತಿಂಡಿಮನೆಯ ಮುಂದೆ ನೆರೆದಿತ್ತು. ತುದಿಯಲ್ಲಿ ಕಸ್ಸಿಯಾನ್ ನನ್ನ ಬೆನ್ನಿಗೆ ಗುದ್ದಿ, "ಏನೋ ವೆಂಡೆಲ್, ಹಾಲು ಮೊಸರಾಗೋದ್ರೊಳಗೆ ಇಳಿಯೋ!" ಎಂದ. ಆಶ್ಚರ್ಯಪಡಬೇಡಿ. ಸಾವಿರ ಮೀಟರು ಎತ್ತರ ದಾಟಿದ ಮೇಲೆ ನಮ್ಮಲ್ಲಿ ಬಹುವಚನ ಕರಗಿಹೋಗುತ್ತದೆ. ಕೆಳಗೆ 'ನೀವು' ಎಂದವರು ಮೇಲೆ 'ನೀನು' ಎನ್ನಬೇಕು. ಅದು ಬೆಟ್ಟದ ಕಾನೂನು. ನಮ್ಮತ್ತೆಗೆ ಮಾತ್ರ ವಿನಾಯಿತಿ.

ಅಪ್ಪನ ಕೊಟ್ಟಿಗೆಯ ಕ್ಯಾನು ಎಡಗೈಯಲ್ಲಿ, ಸ್ಕೀ ಕೋಲು ಬಲಗೈಯಲ್ಲಿ. ಇಳಿದೆ! ಆಹಾ, ಇಳಿಯುವುದೆಂದರೆ ಅದು! ಮೊದಲ ಅರವತ್ತು ಹೆಜ್ಜೆ ದೇವರ ಮೇಲೆ ಭಾರ ಹಾಕಿದೆ, ನಿಜ. ಆಮೇಲೆ ಗಾಳಿಯೇ ನನ್ನ ಕೈ ಹಿಡಿದು ನಡೆಸಿತು. ಎಡಕ್ಕೆ ತಿರುವು, ಬಲಕ್ಕೆ ತಿರುವು, ಕ್ಯಾನಿನೊಳಗಿನ ಹಾಲು ಗಂಭೀರವಾಗಿ ತೂಗಾಡಿತು. ತಿಂಡಿಮನೆಯ ಮುಂದೆ ಹಿಮ ಚಿಮ್ಮಿಸಿ ನಿಂತಾಗ ಮೂರೇ ತೊಟ್ಟು ಕಡಿಮೆಯಾಗಿತ್ತು. ಜನ ಸೌಟು, ತಟ್ಟೆ, ಹೆಲ್ಮೆಟ್ಟು ಏನು ಸಿಕ್ಕಿತೋ ಅದನ್ನೇ ಬಡಿದರು!

ಬುರ್ಗಿ ಒಬ್ಬಳೇ ಚಪ್ಪಾಳೆ ತಟ್ಟಲಿಲ್ಲ. ಬಾಗಿಲಲ್ಲಿ ನಿಂತು ಹೇಳಿದಳು: "ಸರಿ, ಗಂಟಲು ಸುಲಭ ಅಂತ ತೋರಿಸಿದೆ. ಹಸುದಾರಿ ಕಷ್ಟ ಅಂತ ಹೆಂಗೆ ತೋರಿಸ್ತೀಯಾ? ಚೆನ್ನಾಗಿ ಇಳಿದ್ರೆ ಅದು ನೀಲಿನೇ. ಬಿದ್ರೆ ನೀನು ದಡ್ಡ."

ನಲವತ್ತೆರಡು ಪುಟಗಳಲ್ಲಿ ನಾನು ಇದನ್ನು ಮಾತ್ರ ಯೋಚಿಸಿರಲಿಲ್ಲ!

"ಅಲ್ಲೇ ನಿಂತು ವಿವರಿಸ್ತೀನಿ," ಎಂದೆ ಗಾಂಭೀರ್ಯದಿಂದ. ಕ್ಯಾನನ್ನು ಅವಳ ಕೈಗೆ ಕೊಟ್ಟು ಹೋಗಬಹುದಿತ್ತು. ಗೆದ್ದವನು ಗದೆಯನ್ನು ಕೆಳಗಿಡುತ್ತಾನೆಯೇ? ಹಿಡಿದುಕೊಂಡೇ ಮತ್ತೆ ಲಿಫ್ಟ್ ಹತ್ತಿದೆ.

ಒರತೆಯ ತಿರುವಿನಲ್ಲಿ ಕಸ್ಸಿಯಾನನನ್ನೂ ಇನ್ನಿಪ್ಪತ್ತು ಜನರನ್ನೂ ಮೇಲುಗಡೆ ನಿಲ್ಲಿಸಿದೆ. ನಾನು ತಿರುವಿನ ನಟ್ಟನಡುವೆ, ಅವರಿಗೆ ಮುಖ ಮಾಡಿ, ಸ್ಕೀ ಕೋಲನ್ನು ಮೇಷ್ಟರ ಬೆತ್ತದಂತೆ ಎತ್ತಿ ನಿಂತೆ.

"ಮಹನೀಯರೇ! ಈ ನೆಲ ನೀಲಿಯಂತೆ ನಟಿಸುತ್ತಿರುವ ಕೆಂಪು! ಇಲ್ಲಿನ ಮಂಜುಗಡ್ಡೆ..."

ಮಾತಿನ ನಡುವೆ ಒಂದು ವಿಚಿತ್ರ ನಡೆಯಿತು. ಕಸ್ಸಿಯಾನ್ ಮೆಲ್ಲಗೆ ನನ್ನಿಂದ ದೂರ ಸರಿಯುತ್ತಿರುವಂತೆ ಕಂಡಿತು. ಅವನ ಹಿಂದಿನವರೂ ಸರಿಯುತ್ತಿದ್ದರು. ಭಾಷಣ ಮುಗಿಯುವ ಮುನ್ನವೇ ಸಭಿಕರು ಹೊರಟರಲ್ಲಾ ಎಂದು ನನಗೆ ಬೇಸರವಾಯಿತು. ಸಭಿಕರು ನಿಂತಲ್ಲೇ ನಿಂತಿದ್ದರು ಸ್ವಾಮಿ, ಹೊರಟಿದ್ದವನು ಭಾಷಣಕಾರ!

ಹಿಮ್ಮುಖವಾಗಿ! ವೇಗ ಹೆಚ್ಚಿಸಿಕೊಳ್ಳುತ್ತಾ! ಕೋಲು ಊರಿದರೆ ಕೋಲೂ ಜಾರಿತು. ಬೇಸಿಗೆಯಲ್ಲಿ ದನ ನೀರು ಕುಡಿಯಲು ಮರದ ದಿಮ್ಮಿ ಕೊರೆದು ಮಾಡಿದ ತೊಟ್ಟಿಯೊಂದು ತಿರುವಿನ ಕೆಳಗಿತ್ತು. ಅದು ನನ್ನ ಸೊಂಟದ ಅಳತೆಯನ್ನೇ ತೆಗೆದುಕೊಂಡು ಮಾಡಿಸಿದಂತಿತ್ತು. ದಬಕ್ಕನೆ ಕುಳಿತೆ. ಒಂದು ಸ್ಕೀ ಆಕಾಶ ತೋರಿಸಿತು, ಇನ್ನೊಂದು ಕಾಡು ಸೇರಿತು. ಎಡಗೈಯ ಕ್ಯಾನು ಮೇಲಕ್ಕೆ ಹಾರಿ, ಒಂದು ಗಿರಕಿ ಹೊಡೆದು, ಏಳು ತಲೆಮಾರಿನ ಹಾಲನ್ನು ನನ್ನ ನೆತ್ತಿಯ ಮೇಲೆ ಸುರಿಯಿತು.

"ನೋಡಿದ್ರಾ!" ಎಂದು ಹಾಲಿನೊಳಗಿಂದಲೇ ಕೂಗಿದೆ. "ಸಾಬೀತಾಯ್ತು!"

"ಏನು ಸಾಬೀತಾಯ್ತೋ? ಹಸುದಾರೀಲಿ ಇಳಿಯುವಾಗ ಬಿದ್ದೋರನ್ನ ನೋಡಿದೀನಿ. ನಿಂತ್ಕೊಂಡೇ ಬಿದ್ದೋನು ನೀನೊಬ್ನೇ!" ಎಂದ ಕಸ್ಸಿಯಾನ್.

ಅಷ್ಟರಲ್ಲಿ ಸುಯ್ ಎಂಬ ಮೃದುವಾದ ಸದ್ದು. ಬೆನ್ನಿಗೆ ಬ್ರೆಡ್ಡಿನ ಬುಟ್ಟಿ ಕಟ್ಟಿಕೊಂಡು ನಮ್ಮತ್ತೆ ಆಫ್ರಾ ಬಂದರು. ತಿರುವಿಗೆ ಬಂದಾಗ ಮೊಣಕಾಲನ್ನು ಒಂದಿಷ್ಟೇ ಬಗ್ಗಿಸಿ, ಬೆಣ್ಣೆಯ ಮೇಲೆ ಚಾಕು ಎಳೆದಂತೆ ದಾಟಿದರು. ತೊಟ್ಟಿಯ ಪಕ್ಕ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಏನ್ ಅಳಿಯಂದ್ರೇ, ಇವತ್ತು ಹಾಲಿನ ಸ್ನಾನವಾ? ಮನೇಲಿ ಸ್ನಾನದ ಮನೆಗೆ ಬಣ್ಣ ಆಗಿಲ್ಲ ಅಂತ ಇಲ್ಲಿಗೇ ಬಂದ್ಬಿಟ್ರಾ?"

ಏಳಲು ಹೋದೆ. ಮೊಣಕಾಲು ಕಟಕ್ ಎಂದಿತು.

ರಕ್ಷಣಾ ದಳದ ಹುಡುಗಿ ಜಾರುಬಂಡಿ ತಂದು ನನ್ನನ್ನು ಮೂಟೆಯಂತೆ ಬಿಗಿದಳು. ಆಮೇಲೆ ಫಾರಂ ತೆಗೆದಳು. "ಬಿದ್ದ ದಾರಿ ಬಣ್ಣ... ನೀಲಿ."

"ಕೆಂಪು ಅಂತ ಬರಿ ತಾಯಿ!"

"ಬೋರ್ಡಲ್ಲಿ ಇರೋದನ್ನೇ ಬರೀಬೇಕಣ್ಣ. ಹೆಂಗೆ ಬಿದ್ದಿದ್ದು?"

"ಭಾಷಣ ಮಾಡ್ತಾ," ಎಂದ ಕಸ್ಸಿಯಾನ್. ಅವಳು ಅದನ್ನೂ ಬರೆದುಕೊಂಡಳು.

ದಾರಿಯುದ್ದಕ್ಕೂ ಕಸ್ಸಿಯಾನ್ ನನ್ನ ಪಕ್ಕದಲ್ಲೇ ಇಳಿಯುತ್ತಾ, "ಲೋ ಹಾಲುರಾಯ, ನೋವಾಗ್ತಿದೆಯೇನೋ? ನಗಬೇಡ್ವೋ, ಕಾಲು ಅಲ್ಲಾಡುತ್ತೆ!" ಎಂದು ಸಮಾಧಾನ ಹೇಳುತ್ತಿದ್ದ. ಸಾವಿರ ಮೀಟರಿನ ಕಂಬ ದಾಟಿತೋ ಇಲ್ಲವೋ, ಕೆಮ್ಮಿ ಗಂಟಲು ಸರಿಪಡಿಸಿಕೊಂಡು, "ಸರ್ವೇಯರ್ ಸಾಹೇಬ್ರೇ, ಈಗ ಹೇಗಿದೆ ತಮ್ಮ ಮೊಣಕಾಲು?" ಎಂದ. ಅಂದು ನನಗಾದ ಗಾಯಗಳಲ್ಲಿ ಆ ಬಹುವಚನವೇ ದೊಡ್ಡದು!

ಕಾಲಿಗೆ ಪಟ್ಟಿ ಕಟ್ಟಿದವರು ಅತ್ತೆಯ ಡಾಕ್ಟರೇ.

"ನಾಲ್ಕು ವಾರ ವಿಶ್ರಾಂತಿ. ಆಮೇಲೆ ಬೇಕಾದ್ರೆ ಸ್ಕೀ ಮಾಡಿ. ಆದರೆ ಈ ವರ್ಷ ಪೂರ್ತಿ ನಿಮಗೂ ನೀಲಿ ದಾರಿ ಮಾತ್ರ."

ಬುರ್ಗಿ ಕಿಟಕಿಯ ಕಡೆ ತಿರುಗಿದಳು. ಅವಳ ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದು ಡಾಕ್ಟರು ಅವಳಿಗೆ ನೀರು ಕೊಟ್ಟರು.

ಮನೆಗೆ ಬಂದು ಲೆಕ್ಕ ಹಾಕಿದೆ. ಹೆಂಡತಿಯ ತಿಂಡಿಮನೆಗೆ ಹೋಗುವ ನೀಲಿ ದಾರಿ ಇಡೀ ಬೆಟ್ಟದಲ್ಲಿ ಒಂದೇ. ಅದು ಕೆಂಪಾದರೆ? ಸೂಪು ಇಲ್ಲ, ಹೆಂಡತಿ ಇಲ್ಲ, ಎದುರು ಕುರ್ಚಿಯಲ್ಲಿ ಅತ್ತೆ! ಮೊಣಕಾಲನ್ನು ದಿಂಬಿನ ಮೇಲಿಟ್ಟುಕೊಂಡೇ ಕಂಪನಿಗೆ ಕಾಗದ ಬರೆದೆ: "ಉಪಕರಣದಲ್ಲಿ ದೋಷ ಕಂಡುಬಂದಿರುವುದರಿಂದ ವರದಿಯನ್ನು ಹಿಂಪಡೆಯಲಾಗಿದೆ." ಪಾಪ, ಉಪಕರಣ! ಅದಕ್ಕೆ ಬಾಯಿಲ್ಲ.

ನಾಲ್ಕು ವಾರದ ನಂತರ ಅತ್ತೆಯ ಹಿಂದೆ ಹಸುದಾರಿಯಲ್ಲಿ, ಮರಿ ಬಾತುಕೋಳಿಯಂತೆ ಇಳಿದೆ. ಒರತೆಯ ತಿರುವಿಗೆ ಬಂದರೆ ಜಾತ್ರೆ! ಎಲ್ಲರೂ ನಿಂತು ಏನನ್ನೋ ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಹತ್ತಿರ ಹೋದೆ. ಹೊಚ್ಚಹೊಸ ಮಾರ್ಟರ್ಲ್! ಚಿತ್ರದಲ್ಲಿ ತೊಟ್ಟಿ, ತೊಟ್ಟಿಯಲ್ಲಿ ನಾನು, ಮೇಲೆ ಹಾರುತ್ತಿರುವ ಕ್ಯಾನು. ಹಿಂದೆ ಕಣ್ಣು ಕುಕ್ಕುವ ನೀಲಿ ಆಕಾಶ. ಕೆಳಗೆ ಪದ್ಯ:

ಅಳತೆಗೋಲು ಹಿಡಿದು ಬಂದು ವೆಂಡೆಲೀನ ನಿಂತ;
ಬೆಟ್ಟ ಕೂಡ ಅಳೆಯಿತವನ, ತೊಟ್ಟಿಯಲ್ಲಿ ಕೂತ.
ದಾರಿಹೋಕ, ಇಲ್ಲಿ ನಿಂತು ದೇವರನ್ನು ಬೇಡು:
ಅವನು ಬದುಕಿ ಬಂದನಯ್ಯ, ಹಾಲಿನ ಗತಿ ನೋಡು!

"ಬದುಕಿರೋನಿಗೆ ಯಾರಾದ್ರೂ ಮಾರ್ಟರ್ಲ್ ನೆಡ್ತಾರಾ?" ಎಂದು ಕೂಗಿದೆ.

ಗುಂಪಿನಲ್ಲಿದ್ದ ಕಸ್ಸಿಯಾನ್ ಕಣ್ಣೊರೆಸಿಕೊಂಡ. "ಸುಮ್ನಿರೋ ವೆಂಡೆಲ್! ಇದು ನೆಟ್ಟ ಮೇಲೆ ಇಲ್ಲಿ ಒಬ್ಬರೂ ಬಿದ್ದಿಲ್ಲ. ಎಲ್ರೂ ನಿಲ್ತಾರೆ, ಓದ್ತಾರೆ, ಮೆಲ್ಲಗೆ ಇಳೀತಾರೆ. ನಿನ್ನ ಮಾತು ಸರಿಯೇ ಇತ್ತು, ಈ ತಿರುವು ಕೆಂಪೇ ಆಗಿತ್ತು. ಈಗ ನಿನ್ನ ಪುಣ್ಯದಿಂದ ಅಪ್ಪಟ ನೀಲಿ!"

ಇಡೀ ಜೀವನದಲ್ಲಿ ನನ್ನ ಅಳತೆ ಸರಿಯೆಂದು ಒಬ್ಬ ಒಪ್ಪಿದ್ದು ಅದೇ ಮೊದಲು. ಅಷ್ಟರಲ್ಲಿ ಅದು ತಪ್ಪಾಗಿಹೋಗಿತ್ತು!

ತಿಂಡಿಮನೆ ಕಿಕ್ಕಿರಿದಿತ್ತು. ಗಂಟಲಿನಿಂದ ನಡುಗುತ್ತಾ ಬಂದವರು ಒಂದು ಕಡೆ, ಹಸುದಾರಿಯಿಂದ ನಗುತ್ತಾ ಬಂದವರು ಇನ್ನೊಂದು ಕಡೆ. ಎರಡನೆಯವರೆಲ್ಲ ಕೇಳುತ್ತಿದ್ದದ್ದು ಬಿಸಿ ಹಾಲು.

"ಬುರ್ಗಿ," ಎಂದೆ ಮೆಲ್ಲಗೆ, "ಆ ಆಕಾಶದ ನೀಲಿ ಎಲ್ಲೋ ನೋಡಿದ ಹಾಗಿದೆ."

"ಸ್ನಾನದ ಮನೆ ಡಬ್ಬಿ. ಎರಡು ವರ್ಷ ಕಾದು ಕಾದು ಕೊನೆಗೂ ಒಂದು ಕೆಲಸಕ್ಕೆ ಬಂತು ನೋಡು."

ಅಡುಗೆ ಕೋಣೆಯ ಬಾಗಿಲಿನಿಂದ ಸೌಟು ಹಿಡಿದ ಅತ್ತೆಯ ತಲೆ ಹೊರಗೆ ಬಂತು.

"ಅಳಿಯಂದ್ರೇ, ಡಬ್ಬೀಲಿ ಇನ್ನೂ ಅರ್ಧ ಮಿಕ್ಕಿದೆ. ಸೈತಾನನ ಗಂಟಲಿಗೂ ಒಂದು ಹಲಗೆ ಕೊಯ್ಸಿಟ್ಟಿದೀನಿ. ಪದ್ಯನೂ ತಯಾರು. ಇನ್ನು ನೀವು ಬೀಳೋದೊಂದೇ ಬಾಕಿ!"

ಮರುದಿನ ಬೆಳಿಗ್ಗೆ, ಯಾರೂ ಏಳುವ ಮುಂಚೆ, ಆ ಅರ್ಧ ಡಬ್ಬಿಯ ಕೊನೆಯ ಹನಿಯವರೆಗೂ ನಾನು ಸ್ನಾನದ ಮನೆಯ ಗೋಡೆಗೆ ಬಳಿದು ಮುಗಿಸಿದೆ!