ಮಾವನ ಪರೀಕ್ಷೆಯಲ್ಲಿ ಫೇಲಾದ ವರಮಹಾಶಯರು

ಮೊದಲು ಹಂಚಿನ ಕಾರ್ಖಾನೆಯ ಸಂಜೆಯ ಕೂಗು: ಕೂಊಊ! ಸ್ವಲ್ಪ ಹೊತ್ತಿಗೆ ಮಣ್ಣಗುಡ್ಡದ ನಮ್ಮ ಅಂಗಳದಿಂದ ಇನ್ನೊಂದು ಕೂಗು, ಮಾವನದು: "ಗಿವ್!"

ತೆಂಗಿನಕಾಯಿ ಹೆರೆಯುತ್ತಿದ್ದ ನಾನು ಅಡುಗೆಮನೆಯಿಂದಲೇ ಕಿರುಚಬೇಕು. "ಗಿವ್ ಅಪ್, ಬಿಟ್ಟುಬಿಡುವುದು! ಗಿವ್ ಇನ್, ಸೋಲೊಪ್ಪುವುದು! ಗಿವ್ ಅವೇ, ಧಾರೆ ಎರೆದು ಕೊಡುವುದು!"

ಕೊನೆಯದು ಕೇಳಿದ ಕೂಡಲೇ ಅಜ್ಜಿ ತಲೆ ಎತ್ತುವಳು. "ಅದೊಂದು ಒಳ್ಳೆ ಇಂಗ್ಲಿಷ್. ಅದನ್ನು ಯಾವಾಗ ಮಾಡ್ತೀ ಮಾರಾಯ?"

ಆಗಿನ ಮಂಗಳೂರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಒಬ್ಬರಿಗೆ ಕೋಳಿ ಅಂಕ, ಒಬ್ಬರಿಗೆ ಯಕ್ಷಗಾನ. ನನ್ನ ಸೋದರಮಾವನಿಗೆ ಇಂಗ್ಲಿಷಿನ ಪ್ರಿಪೊಸಿಷನ್! ಇಂಥ ಕಾಯಿಲೆ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಬಂದದ್ದನ್ನು ನಾನು ಕೇಳಿಲ್ಲ.

ಅದು ಅಂಟಿದ್ದು ಕಾರ್ಖಾನೆಯಲ್ಲಿ. ಮಾವ ಅಲ್ಲಿ ಗುಮಾಸ್ತರು, ಮೇಲೊಬ್ಬ ಬಿಳಿ ದೊರೆ. "ದೊರೆಯ ಬಾಯಲ್ಲಿ ಯಾವಾಗಲೂ ಒಂದೇ 'ಗೆಟ್' ಮಗಾ," ಎನ್ನುತ್ತಿದ್ದರು. "ಗೆಟ್ ಆನ್ ಅಂದ್ರೆ ಕೆಲಸ ಮುಂದುವರಿಸಬೇಕು. ಗೆಟ್ ಔಟ್ ಅಂದ್ರೆ ಬುತ್ತಿ ಎತ್ಕೊಂಡು ಮನೆಗೆ! ನನಗಿಂತ ಮೊದಲಿನ ಗುಮಾಸ್ತ ಎರಡಕ್ಕೂ 'ಯಸ್ ಸಾರ್' ಅಂತ ಹೇಳಿ ಕೂತಲ್ಲೇ ಕೂತ. ಹಾಗೆ ಆ ಕುರ್ಚಿ ನನಗೆ ಸಿಕ್ಕಿದ್ದು!"

ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಗ್ರಾಮರ್. ಮಾವ ಕಲಿಸಿದ್ದು ಲೋಕ. "ಲುಕ್ ಅಂದ್ರೆ ಬರೀ ನೋಡುವುದು. ಆಫ್ಟರ್ ಜೊತೆಗೆ ಬಂದರೆ ಸಾಕಿ ಸಲಹುತ್ತದೆ, ಡೌನ್ ಆನ್ ಜೊತೆಗೆ ಬಂದರೆ ತುಚ್ಛ ಮಾಡುತ್ತದೆ. ಮನುಷ್ಯರೂ ಹಾಗೆ. ಒಂಟಿಯಾಗಿದ್ದಾಗ ಎಲ್ಲರೂ ಸಾಧುಗಳೇ! ಪಕ್ಕದಲ್ಲಿ ಯಾರು ನಿಂತಿದ್ದಾರೆ ಅಂತ ನೋಡಿ ಗುಣ ಹೇಳಬೇಕು." ಯಾವ ಸಿಸ್ಟರು ಇದನ್ನು ಹೇಳಿಕೊಟ್ಟಾರು?

ನಮ್ಮದು ಅಳಿಯಕಟ್ಟಿನ ಮನೆ. ತಾಯಿಯ ಅಣ್ಣನೇ ಯಜಮಾನ. ಅಪ್ಪ ಬಂದು ಹೋಗುವ ನೆಂಟ. ನನಗೆ ಹದಿನೈದು ತುಂಬಿ ಅಜ್ಜಿ ಮದುವೆಯ ರಾಗ ತೆಗೆದಾಗ ತೀರ್ಮಾನ ಮಾವನ ಮೇಲೆ ಬಂತು. ನನಗೋ, ಎಸ್ಸೆಸ್ಸೆಲ್ಸಿಗೆ ಕೂತೇ ತೀರಬೇಕೆಂಬ ಹಟ. ನಮ್ಮ ಮನೆಯ ಹುಡುಗಿಯರು ಯಾರೂ ಅಲ್ಲಿಯವರೆಗೆ ಹೋದದ್ದಿಲ್ಲ. ಮಾವನಿಗೆ ನನ್ನ ಮನಸ್ಸು ಗೊತ್ತು. ಆದರೆ ದೊರೆಗೆ ಹೆದರದ ಈ ಗಂಡಸು ತನ್ನ ತಾಯಿಗೆ ಹೆದರುತ್ತಿದ್ದರು!

"ಆಯಿತಮ್ಮ, ವರನನ್ನು ಕರೆಸು. ಆದರೆ ನನ್ನ ಇಂಗ್ಲಿಷ್ ಪರೀಕ್ಷೆ ಪಾಸಾದವನಿಗೇ ಹುಡುಗಿ."

"ಇದೆಂತ ಹೊಸ ಶಾಸ್ತ್ರ?"

"ಹುಡುಗಿಯನ್ನು ನಡೆಸಿ, ಹಾಡಿಸಿ ನೋಡುವುದಿಲ್ವಾ? ಇದು ಹುಡುಗನನ್ನು ನಡೆಸಿ ನೋಡುವ ಶಾಸ್ತ್ರ."

ಇದರಲ್ಲೇನು ತಪ್ಪು? ನನಗಂತೂ ಇಂದಿಗೂ ಕಂಡಿಲ್ಲ. ಕಂಡವರು ಬಂದು ವಾದಿಸಲಿ, ನಾನಿನ್ನೂ ಬದುಕಿದ್ದೇನೆ!

ಮೊದಲು ಬಂದವರು ನಂತೂರಿನ ಕಡೆಯ ಗದ್ದೆಯ ಕುಳ. ಮಾವ ಕೇಳಿದ್ದು 'ಬ್ರೇಕ್'. ಡೌನ್ ಸೇರಿದರೆ? "ಕೆಳಗೆ ಒಡೆಯುವುದು." ಔಟ್ ಸೇರಿದರೆ? "ಹೊರಗೆ ಒಡೆಯುವುದು." ಆಫ್? "ಪೂರಾ ಒಡೆಯುವುದು." ಮಾವ ನಿಟ್ಟುಸಿರು ಬಿಟ್ಟರು. "ಅಮ್ಮಾ, ಈ ವರನಿಗೆ ಹೆಣ್ಣು ಕೊಟ್ಟರೆ ಮನೆಯಲ್ಲಿ ಒಂದು ಪಾತ್ರೆಯೂ ಉಳಿಯಲಿಕ್ಕಿಲ್ಲ."

ಎರಡನೆಯವರು ಅಕ್ಕಿ ವ್ಯಾಪಾರಿ. ಮೊದಲ ಪ್ರಶ್ನೆಗೇ ಸಿಡಿದೆದ್ದರು. "ನಾನು ಹುಡುಗಿ ನೋಡ್ಲಿಕ್ಕೆ ಬಂದದ್ದು, ಪರೀಕ್ಷೆ ಬರೀಲಿಕ್ಕಲ್ಲ!"

"ಹುಡುಗಿಗೆ ಬರೀಲಿಕ್ಕುಂಟು," ಎಂದರು ಮಾವ. "ನೀವು ಅಡ್ಡ ಬರಬೇಡಿ."

ಮೂರನೆಯವನು ಬಂದಾಗ ಎಲ್ಲ ಕೆಟ್ಟಿತು. ಅವನು ನನ್ನ ಅತ್ತೆಯ, ಎಂದರೆ ಮಾವನ ಹೆಂಡತಿಯ, ಅಕ್ಕನ ಮಗ. ಅಳಿಯಕಟ್ಟಿನ ರೂಢಿಯಂತೆ ಅತ್ತೆ ಇದ್ದದ್ದು ಬಲ್ಮಠದಲ್ಲಿ, ತನ್ನ ಅಣ್ಣನ ಮನೆಯಲ್ಲಿ. ಪ್ರತಿ ಶನಿವಾರ ಸಂಜೆ ಮಾವ ಅಲ್ಲಿಗೆ ಹೋಗಿ, ಭಾನುವಾರ ಕಳೆದು ಬರುತ್ತಿದ್ದರು. ಆ ಮನೆಯದೇ ಹುಡುಗ, ಮದ್ರಾಸಿನಲ್ಲಿ ಲಾ ಓದುವವನು. ಪುಟ್ ಆಫ್ ಅಂದರೆ ಮುಂದೂಡುವುದು, ಪುಟ್ ಔಟ್ ಅಂದರೆ ನಂದಿಸುವುದು, ಪುಟ್ ಅಪ್ ವಿತ್ ಅಂದರೆ ಸಹಿಸಿಕೊಳ್ಳುವುದು... ಕೇಳದೆ ಇದ್ದದ್ದಕ್ಕೂ ಉತ್ತರ! ಇಂಪಾಸಿಬಲ್ ಫೆಲೋ! ಮಾವನದು ಹರಳೆಣ್ಣೆ ಕುಡಿದ ಮುಖ. ಅಜ್ಜಿ ಆಗಲೇ ಪಾಯಸಕ್ಕೆ ಸೌಟು ಹಾಕಿಯಾಗಿತ್ತು. ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದೆ.

ಆಗ ಮಾವ ನನ್ನ ಕಡೆ ತಿರುಗಿದರು. "ಮಗಾ, ನಿನಗೆಂತಾದರೂ ಕೇಳ್ಲಿಕ್ಕುಂಟಾ?"

ನಮ್ಮ ಮನೆಯಲ್ಲಿ ಯಾವ ಹುಡುಗಿಯನ್ನೂ ಯಾರೂ ಹಾಗೆ ಕೇಳಿದ್ದಿಲ್ಲ. ನಾನು ಹೊಸ್ತಿಲು ದಾಟಿ ಜಗಲಿಗೆ ಬಂದೆ. "ಮದುವೆಯಾದ ಮೇಲೆ ನನ್ನನ್ನು ಪರೀಕ್ಷೆಗೆ ಕೂರಲಿಕ್ಕೆ ಬಿಡ್ತೀರಾ? ಆಮೇಲೆ ಕಾಲೇಜಿಗೆ?"

ಎಲ್ಲದಕ್ಕೂ ಪಟಪಟನೆ ಉತ್ತರ ಕೊಟ್ಟವನು ಮೆಲ್ಲನೆ ಕತ್ತು ತಿರುಗಿಸಿ, ಜೊತೆಗೆ ಬಂದಿದ್ದ ತನ್ನ ಸೋದರಮಾವನ, ಅದೇ ಅತ್ತೆಯ ಅಣ್ಣನ, ಮುಖ ನೋಡಿದ. ಅವರು ಮಾಡಿನ ಹಂಚು ನೋಡಿದರು.

"ಫೇಲ್!" ಎಂದರು ಮಾವ.

"ಎಲ್ಲ ಸರಿ ಹೇಳಿದ್ದಾನಲ್ಲ ಭಾವ!" ಅತ್ತೆಯ ಅಣ್ಣ ಗುಡುಗಿದರು.

"ನಾನು ಕೇಳಿದ್ದಕ್ಕೆ ಸರಿ ಹೇಳಿದ. ಅವಳು ಕೇಳಿದ್ದಕ್ಕೆ ನಿಮ್ಮ ಮುಖ ನೋಡಿದ. ಸಂಸಾರ ಮಾಡ್ಲಿಕ್ಕಿರುವುದು ನನ್ನ ಜೊತೆಗಾ?"

"ಹಾಗಾದರೆ ಇನ್ನು ನೀವು ನಮ್ಮ ಗೇಟಿನ ಒಳಗೆ ಕಾಲಿಡುವುದು ಬೇಡ!"

"ಆಗಲಿ," ಎಂದರು ಮಾವ, ಆ ಮನೆಯಲ್ಲಿ ತಮ್ಮ ಹೆಂಡತಿ ಇದ್ದಾಳೆಂಬುದನ್ನೇ ಮರೆತವರಂತೆ.

ಪಾಯಸವನ್ನು ನಾನೂ ಮಾವನೂ ಖಾಲಿ ಮಾಡಿದೆವು. ಅಜ್ಜಿ ನಮ್ಮಿಬ್ಬರೊಡನೆಯೂ ಬಹಳ ದಿನ ಮಾತು ಬಿಟ್ಟಳು. ನಾನು ಪರೀಕ್ಷೆಗೆ ಕೂತೆ, ಪಾಸಾದೆ, ಮದ್ರಾಸಿನ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ಮಾವ ಶನಿವಾರ ಸಂಜೆ ಎಂದಿನಂತೆ ಹೊರಡುತ್ತಿದ್ದರು. ಆದರೆ ಊಟದ ಹೊತ್ತಿಗೆ ತಿರುಗಿ ಬಂದುಬಿಡುತ್ತಿದ್ದರು. ಎಲ್ಲಿಗೆಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ನಾನು ಹೊರಟದ್ದೂ ಒಂದು ಶನಿವಾರ. "ಸ್ಟೇಷನ್ನಿಗೆ ಬರ್ಲಿಕ್ಕಾಗುವುದಿಲ್ಲ ಮಗಾ, ಸ್ವಲ್ಪ ಕೆಲಸ ಉಂಟು," ಎಂದು ಮಾವ ಮೊದಲೇ ಹೋಗಿಬಿಟ್ಟಿದ್ದರು. ನನಗೆ ಸಿಟ್ಟು ಬಂತು. ಇವತ್ತಿಗಿಂತ ದೊಡ್ಡ ಕೆಲಸ ಎಂಥದ್ದು? ಸಿಸ್ಟರುಗಳಿಗೆ ಹೇಳಿ ಹೋಗೋಣವೆಂದು ಅಮ್ಮನೂ ನಾನೂ ಜಟಕಾವನ್ನು ಬಲ್ಮಠದ ದಾರಿಗೆ ತಿರುಗಿಸಿದೆವು. ಜಿರಿಜಿರಿ ಮಳೆ.

ಅತ್ತೆಯ ಮನೆಯ ಗೇಟು ಮುಚ್ಚಿತ್ತು. ಒಳಗೆ ಅತ್ತೆ, ಹೊರಗೆ ರಸ್ತೆಯಲ್ಲಿ ಮಾವ. ಕೊಡೆ ಹಿಡಿದ ಕೈ ಮಾತ್ರ ಗೇಟಿನ ಮೇಲಿಂದ ಒಳಗೆ ಚಾಚಿತ್ತು, ಅತ್ತೆಯ ತಲೆಯ ಮೇಲೆ. ಮಾವ ಏನೋ ಹೇಳಿದರು. ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು.

ನಾನು ಕೂಗಲು ಬಾಯಿ ತೆರೆದೆ. ಅಮ್ಮ ನನ್ನ ಕೈ ಹಿಡಿದಳು. "ಕರೀಬೇಡ ಮಗಾ. ವಾರಕ್ಕೆ ಅವರಿಗೆ ಸಿಗುವುದು ಅಷ್ಟೇ ಹೊತ್ತು."

ಕ್ರಿಸ್ಮಸ್ ರಜೆಗೆ ನಾನು ಊರಿಗೆ ಬರುವ ಮೊದಲೇ ಮಾವ ತೀರಿಕೊಂಡರು. ಕೊನೆಯ ಸಲ, ಆ ಗೇಟಿನ ಮುಂದೆ, ನಾನು ಕಂಡದ್ದು ಅವರ ಬೆನ್ನು ಮಾತ್ರ. ಕರಿಯ ಕೋಟು ಪೂರ್ತಿ ತೊಯ್ದಿತ್ತು. ಬೆನ್ನು ಒಂದಿಷ್ಟೂ ಬಾಗಿರಲಿಲ್ಲ.