ಏಳು ಕಾಲಿನ ಬಾಣಂತಿ

ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಸಂಡೂರಿನಲ್ಲಿ ಕಂಪನಿ ಬಸ್ಸಿನಿಂದ ಇಳಿದ ವೀರೇಶನ ಕೈಯಲ್ಲಿ ಊಟದ ಡಬ್ಬಿ ಇತ್ತು. ದಿನವೂ ಅದನ್ನು ಚೀಲಕ್ಕೆ ಎಸೆದುಕೊಂಡು ಬರುವವನು ಅಂದು ಎರಡೂ ಕೈಯಲ್ಲಿ, ತುಂಬಿದ ಎಣ್ಣೆಯ ಬಟ್ಟಲು ಹಿಡಿದವನ ಹಾಗೆ, ಹಿಡಿದಿದ್ದ. ಮುಚ್ಚಳದಲ್ಲಿ ಆರು ತೂತುಗಳಿದ್ದವು. ಮೊಳೆ ಇಟ್ಟು ಹೊಡೆದವನು ಅವನೇ. ಒಳಗೆ ಅಂಗೈಯಗಲದ, ಮೈತುಂಬ ಕೂದಲಿನ, ಕಂದು ಬಣ್ಣದ ಒಂದು ಟರಾಂಟುಲಾ ಜೇಡ ಕುಳಿತಿತ್ತು.

ವೀರೇಶನಿಗೆ ಮೂವತ್ತೊಂದು ವರ್ಷ. ಯಶವಂತನಗರದ ಗಣಿಯೊಂದರ ವೇಬ್ರಿಡ್ಜಿನಲ್ಲಿ ಅದಿರು ಲಾರಿಗಳನ್ನು ತೂಗುವುದು ಅವನ ಕೆಲಸ. ಕಾರ್ಮಿಕರ ಪರವಾಗಿ ಸಾಹೇಬರ ಜತೆ ಮಾತಾಡುವುದು ಅವನ ಖ್ಯಾತಿ. ಬಸ್ಸಿಗೆ ಕಿಟಕಿ ಗಾಜು ಬಂದದ್ದು, ಕ್ಯಾಂಟೀನಿನ ಸಾರಿನಲ್ಲಿ ಬೇಳೆ ಕಾಣಿಸಿಕೊಂಡದ್ದು, ಎರಡೂ ತನ್ನ ಮಾತಿನಿಂದಲೇ ಎಂದು ಅವನು ಹೇಳಿಕೊಳ್ಳುತ್ತಾನೆ. ಗಾಜಿನ ವಿಷಯವನ್ನು ಬೇರೆಯವರೂ ಒಪ್ಪುತ್ತಾರೆ.

ಅಂದು ಬೆಳಿಗ್ಗೆ ವೇಬ್ರಿಡ್ಜಿನ ಪಕ್ಕದ ಕಲ್ಲಿನಡಿಯಿಂದ ಜೇಡ ಹೊರಬಂದಾಗ ಅವನ ಜತೆಗಾರ ಮಾಲತೇಶ್ ಸಲಿಕೆ ಎತ್ತಿದ್ದ. ವೀರೇಶ್ ಅಡ್ಡ ನಿಂತ. ಅರಣ್ಯ ಇಲಾಖೆಯ ಪರಿಚಯದವನಿಗೆ ಫೋನು ಮಾಡಿದ. ಒಂದು ಕಾಲಿಲ್ಲ, ಗಾಯ ಹಳೆಯದು ಎಂದು ವರದಿ ಒಪ್ಪಿಸಿದ. ಆ ಕಡೆಯವನು, "ಅದು ಪೊರೆ ಬಿಟ್ಟಾಗ ಕಾಲು ಮತ್ತ ಬರ್ತೈತ್ರಿ. ಅಲ್ಲೀತನ ಜ್ವಾಪಾನ ಮಾಡಿ, ಆಮ್ಯಾಲ ಗುಡ್ಡಕ್ಕ ಬಿಟ್ಟುಬಿಡ್ರಿ" ಎಂದ. ಆಮೇಲೆ ಮೂರು ತಾಸು ವೀರೇಶ್ ಡಬ್ಬಿಯ ಪಕ್ಕ ಕುಳಿತು ಲಾರಿ ತೂಗಿದ, ಅದರೊಂದಿಗೆ ಮಾತಾಡಿದ. ಇಡೀ ಗಣಿಯಲ್ಲಿ ಎದುರು ಮಾತಾಡದೆ ಅವನನ್ನು ಕೇಳಿಸಿಕೊಂಡ ಮೊದಲ ಜೀವ ಅದು. ಅದನ್ನು ಬಿಟ್ಟುಕೊಡುವುದು ಇನ್ನು ಸಾಧ್ಯವಿರಲಿಲ್ಲ!

"ನಿಮ್ಮವ್ವ ಮನ್ಯಾಗ ಬಿಟ್ಕೊಂತಾಳೇನಲೇ?" ಎಂದು ಬಸ್ಸಿನಲ್ಲಿ ಮಾಲತೇಶ್ ಕೇಳಿದ.

"ಜನರಲ್ ಮ್ಯಾನೇಜರ್‌ನ ಒಪ್ಸಿದವ ನಾನು. ನಮ್ಮವ್ವ ಹತ್ತು ನಿಮಿಷದ ಕೆಲಸ."

"ಜನರಲ್ ಮ್ಯಾನೇಜರ್ ನಿನ್ನ ಹಡೆದಿಲ್ಲಲೇ," ಎಂದ ಮಾಲತೇಶ್.

ವೀರೇಶ್ ಲಾಗ್ ಶೀಟಿನ ಹಿಂಬದಿಯಲ್ಲಿ ಹದಿನಾಲ್ಕು ಅಂಶಗಳನ್ನು ಬರೆದುಕೊಂಡಿದ್ದ. ಮನೆಗೆ ಹೋಗಿ, ಕೈಕಾಲು ತೊಳೆದು, ಚಹಾ ಕುಡಿದು, ಅವ್ವನ ಮುಖ ನೋಡಿ ವಿಷಯ ಮಂಡಿಸುವುದು ಯೋಜನೆ. ಕೈಕಾಲು ತೊಳೆಯುವ ಹಂತದಲ್ಲೇ ಯೋಜನೆ ಮುಗಿಯಿತು. ತೊಳೆಯಲೆಂದು ಅವ್ವ ಎರ್ರೆಮ್ಮ ಡಬ್ಬಿ ತೆರೆದಿದ್ದಳು.

"ಲೇ ವೀರೇಶ, ಚಿತ್ರಾನ್ನ ಕಟ್ಟಿದ್ದೆ. ಅದಕ್ಕ ಕೂದ್ಲು ಹೆಂಗ ಬಂತಲೇ?"

"ಯವ್ವ, ಮುಚ್ಚು! ಮೊದ್ಲು ಮುಚ್ಚು!"

ಎರ್ರೆಮ್ಮ ಅವಸರವಿಲ್ಲದೆ ಮುಚ್ಚಿದಳು. ಮೂವತ್ತು ವರ್ಷದಿಂದ ಆ ಬೀದಿಯ ಬಾಣಂತನಗಳೆಲ್ಲ ಅವಳವೇ. ಮಗು ಹುಟ್ಟಿದ ಮನೆಯಲ್ಲಿ ಎಲ್ಲರೂ ಕಿರುಚುವಾಗ ಕಿರುಚದೆ ಇರುವುದೇ ಅವಳ ಕಸುಬಿನ ಅರ್ಧ ಭಾಗ.

"ಹೊರಗ ಒಯ್ದು ಬಿಟ್ಟು ಬಾ."

"ಒಂದು ನಿಮಿಷ ಕುಂದ್ರು ಯವ್ವ. ಹದಿನಾಲ್ಕು ಪಾಯಿಂಟ್ ಅದಾವು."

"ನಲವತ್ತು ಇರ್ಲಿ. ಹೊರಗ."

"ಮೊದಲ್ನೇದು, ಜಿರಳಿ ತಿಂತೈತಿ."

"ಜಿರಳಿಗೆ ನನ್ನ ಕಸಬರಗಿ ಸಾಕು."

"ಎರಡನೇದು, ಗದ್ಲ ಮಾಡಂಗಿಲ್ಲ."

"ಅದ್ರಾಗ ನಿನಗಿಂತ ಮೇಲು ಬಿಡು. ಆದ್ರೂ ಬ್ಯಾಡ."

"ಮೂರನೇದು, ಕಚ್ಚಿದ್ರ ಭಾಳ ನೋವಾಗತೈತಿ, ಆದ್ರ ಸಾಯಂಗಿಲ್ಲ."

"ಜಾಲಿ ಮುಳ್ಳು ಚುಚ್ಚಿದ್ರೂ ಸಾಯಂಗಿಲ್ಲ. ತಂದು ಹಾಸಿಗಿ ಮ್ಯಾಲ ಹಾಸ್ಕೋತಿಯೇನು?"

ನಾಲ್ಕರಿಂದ ಹದಿಮೂರರವರೆಗಿನ ಅಂಶಗಳಿಗೂ ಇದೇ ಗತಿ ಬಂತು. ಹದಿನಾಲ್ಕನೆಯದು ಬರುವ ಮೊದಲೇ ಎರ್ರೆಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಎಂಟು ಕಾಲಿಂದು ಹುಡುಕ್ಕೊಂಡು ಬಂದಿಯಲ್ಲ, ಎರಡು ಕಾಲಿನ ಸೊಸಿ ಹುಡುಕಾಕ ಏನಾಗೈತಿ ನಿನಗ?"

"ಎಂಟಲ್ಲ ಯವ್ವ, ಏಳು."

ಎರ್ರೆಮ್ಮ ಮತ್ತೆ ಮುಚ್ಚಳ ತೆರೆದು, ಬೆರಳಿನಿಂದ ಗಾಳಿಯಲ್ಲಿ ಎಣಿಸಿದಳು. ಎಡಗಡೆ ನಾಲ್ಕು. ಬಲಗಡೆ ಮೂರು.

"ಇನ್ನೊಂದು ಏನಾತು?"

"ಯಾವಾಗಲೋ ಹೋಗೈತಿ. ಮತ್ತ ಬರ್ತೈತಂತ."

"ಅಯ್ಯ, ಪಾಪದ್ದು... ಕಾಲು ಬರೂತನ ಇರ್ಲಿ. ಬಂದ ದಿನ ಹೊರಗ. ಡಬ್ಬಿ ಮಾತ್ರ ನನಗ ಹೊಸಾದು ತಂದು ಕೊಡ್ಬೇಕು."

ವೀರೇಶ್ ಕೂಡಲೇ ಕರಾರು ಬರೆದು ಸಹಿ ಹಾಕಿದ. ಕಾಲು ಬರಲು ವರ್ಷವಾದರೂ ಬೇಕು ಎಂಬುದು ಅವನ ಲೆಕ್ಕ. ಅಷ್ಟರಲ್ಲಿ ಕರಾರು ನವೀಕರಿಸಬಹುದು. ಮಾಲತೇಶನಿಗೆ ಫೋನು ಮಾಡಿ, "ಒಂಬತ್ತು ನಿಮಿಷ" ಎಂದ.

ಜೇಡ ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ, ಒದ್ದೆ ಮಣ್ಣಿನ ಮೇಲೆ, ಅಡುಗೆಮನೆ ಪಕ್ಕದ ಕಪಾಟಿನಲ್ಲಿ ಬಿಡಾರ ಹೂಡಿತು. ಅವ್ವ ಹೋಗಿಬರುವಾಗ ಒಮ್ಮೊಮ್ಮೆ ಬಗ್ಗಿ ನೋಡುವುದು ವೀರೇಶನ ಕಣ್ಣಿಗೆ ಬಿತ್ತು. ಅದಕ್ಕೆ ಎಷ್ಟು ಕಣ್ಣು? ನಿದ್ದೆ ಮಾಡುತ್ತದೋ? ನೀರನ್ನು ಯಾವ ಬಾಯಿಂದ ಕುಡಿಯುತ್ತದೆ? ಪ್ರಶ್ನೆಗಳು ಅನ್ನಕ್ಕೆ ಸಾರು ಬಡಿಸುವಾಗ ಬರುತ್ತಿದ್ದವು. ಉತ್ತರ ಗೊತ್ತಿಲ್ಲದ ಕಡೆ ವೀರೇಶ್ ಜೋರಾಗಿ ಉತ್ತರಿಸುತ್ತಿದ್ದ. ಜಿರಳೆಯನ್ನು ಮಾತ್ರ ಅದು ಮೂಸಿಯೂ ನೋಡಲಿಲ್ಲ.

"ನಾಕು ದಿನ ಆತು, ಏನೂ ತಿನ್ನವಲ್ದಲೇ. ನಿನ್ನ ಮಾತು ಕೇಳಿ ಹೊಟ್ಟಿ ತುಂಬೈತೇನು?" ಎಂದಳು ಎರ್ರೆಮ್ಮ.

ಎಂಟನೆಯ ದಿನ ಮನೆ ಮಾಲೀಕ ಹುಲುಗಪ್ಪ ನಳ ರಿಪೇರಿಗೆ ಒಳಗೆ ಬಂದ. ಅವನು ಅದೇ ಮನೆಯ ಮುಂದಿನ ಭಾಗದಲ್ಲಿದ್ದ ನಿವೃತ್ತ ಬಸ್ ಕಂಡಕ್ಟರ್. ಕಪಾಟಿನ ಡಬ್ಬಿಯನ್ನು ಉಪ್ಪಿನಕಾಯಿ ಎಂದುಕೊಂಡು ಎತ್ತಿ ನೋಡಿದ. ಅರವತ್ತಾರು ವರ್ಷದ ಮನುಷ್ಯ ಒಂದೇ ನೆಗೆತಕ್ಕೆ ರುಬ್ಬುಕಲ್ಲಿನ ಮೇಲೆ ನಿಂತದ್ದನ್ನು ವೀರೇಶ್ ಮೊದಲ ಬಾರಿ ಕಂಡ.

"ಸೋಮವಾರದೊಳಗ ಅದರ ಹೋಗ್ಬೇಕು, ನೀವರ ಹೋಗ್ಬೇಕು! ರೈಟ್!" ಎಂದು ಹುಲುಗಪ್ಪ ಕಲ್ಲಿನ ಮೇಲಿಂದಲೇ ಆಜ್ಞೆ ಹೊರಡಿಸಿದ.

ವೀರೇಶ್ ಮೂರು ಸುತ್ತು ಮಾತುಕತೆ ನಡೆಸಿದ. ಮೊದಲ ಸುತ್ತಿನಲ್ಲಿ ಹುಲುಗಪ್ಪ ಬಾಗಿಲು ತೆರೆದ. ಎರಡನೆಯದರಲ್ಲಿ ಕಿಟಕಿ ತೆರೆದ. ಮೂರನೆಯದರಲ್ಲಿ ಒಳಗಿಂದ ಟಿವಿಯ ಸದ್ದು ಏರಿಸಿದ.

ಭಾನುವಾರ ಬೆಳಿಗ್ಗೆ ಗುಡ್ಡಕ್ಕೆ ಬಿಟ್ಟುಬರಲೆಂದು ವೀರೇಶ್ ಭಾರವಾದ ಮನಸ್ಸಿನಿಂದ ಡಬ್ಬಿ ಇಳಿಸಿದ. ಒಳಗೆ ಎರಡು ಜೇಡಗಳಿದ್ದವು! ಒಂದು ಪೆಚ್ಚಾಗಿ ಮಡಚಿ ಬಿದ್ದಿತ್ತು. ಇನ್ನೊಂದು ತುಸು ದೊಡ್ಡದು, ಮಖಮಲ್ಲಿನಂತೆ ಹೊಳೆಯುತ್ತ ಮೂಲೆಯಲ್ಲಿತ್ತು. ಅವನು ಎಣಿಸಿದ. ಎಡಗಡೆ ನಾಲ್ಕು. ಬಲಗಡೆಯೂ ನಾಲ್ಕು, ನಾಲ್ಕನೆಯದು ಶಾವಿಗೆಯಷ್ಟು ತೆಳ್ಳಗೆ, ಬಿಳಿಚಿಕೊಂಡಿತ್ತು. ಪೊರೆ ಬಿಟ್ಟಿತ್ತು, ಕಾಲು ಬಂದಿತ್ತು. ಕರಾರಿನ ಪ್ರಕಾರ ಇಂದೇ ಹೊರಗೆ.

ಅಷ್ಟರಲ್ಲಿ ಹಿಂದಿನಿಂದ ಅವ್ವ ಬಗ್ಗಿ ನೋಡಿ ಕೂಗಿದಳು. "ಹಡದಾಳಲೇ! ಅದಕ್ಕ ಏನೂ ತಿನ್ನವಲ್ಲಾಗಿದ್ಳು!"

ವೀರೇಶ್ ಬಾಯಿ ತೆರೆದ. ನಿಜ ಹೇಳಿದರೆ ಜೇಡ ಹೋಗುತ್ತದೆ. ಹೇಳದಿದ್ದರೆ ಅವ್ವನಿಗೆ ಮೋಸ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ತೆರೆದ ಬಾಯನ್ನು ಏನೂ ಹೇಳದೆ ಮುಚ್ಚಿದ.

ಎರ್ರೆಮ್ಮ ತಡಮಾಡಲಿಲ್ಲ. ಡಬ್ಬಿಯನ್ನು ಕತ್ತಲೆ ಮೂಲೆಗೆ ಸರಿಸಿ ತನ್ನ ಹಳೆ ಸೀರೆ ಹೊದಿಸಿದಳು. ಫ್ಯಾನು ಬಂದ್ ಮಾಡಿದಳು.

"ಲೋಬಾನ ಹಾಕ್ತಿಯೇನು?" ಎಂದು ವೀರೇಶ್ ಹೆದರುತ್ತ ಕೇಳಿದ.

"ಇಕಿಗೆ ಹೊಗಿ ಬ್ಯಾಡ, ಎಳೇ ಮೈ. ಎಂಟು ದಿನ ತಿನ್ನಾಕ ಏನೂ ಹಾಕಬ್ಯಾಡ. ಮುಟ್ಟಬ್ಯಾಡ."

ಇವೆಲ್ಲ ಪೊರೆ ಬಿಟ್ಟ ಜೇಡಕ್ಕೆ ಮಾಡಬೇಕಾದ ಆರೈಕೆಯೇ ಎಂಬುದು ವೀರೇಶನಿಗೆ ಗೊತ್ತಿತ್ತು. ಎಂಥ ಅದೃಷ್ಟ ಎಂದುಕೊಂಡ.

ಸೋಮವಾರ ಹುಲುಗಪ್ಪ ಬಂದ. ಎರ್ರೆಮ್ಮ ಬಾಗಿಲಿಗೆ ಅಡ್ಡ ಕುಳಿತಿದ್ದಳು.

"ಒಳಗ ಬರಬ್ಯಾಡ್ರಿ. ಬಾಣಂತಿ ಅದಾಳ."

"ಯಾರು? ನಿಮ್ಮ ಮನ್ಯಾಗ ಹೆಣ್ಣುಮಕ್ಳು ಅಂದ್ರ ನೀವೊಬ್ರ!"

"ಡಬ್ಬ್ಯಾಗಿನಾಕಿ. ನಿನ್ನೆ ಹಡದಾಳ."

ಹುಲುಗಪ್ಪ ವೀರೇಶನ ಮುಖ ನೋಡಿದ. ವೀರೇಶ್ ನಳದ ಕಡೆ ನೋಡಿದ.

"ಹುಳಕ್ಕ ಎಂಥಾ ಬಾಣಂತನ್ರಿ ಎರ್ರೆಮ್ಮಾರ?"

"ಹಂಗಂತೀರಾ? ಆತು, ಹಸಿ ಬಾಣಂತೀನ ಹೊಸ್ತಿಲ ದಾಟಿಸ್ರಿ, ನಾ ಬ್ಯಾಡ ಅನ್ನಂಗಿಲ್ಲ. ಮನ್ಯಾಗ ನಿಮ್ಮ ಸೊಸಿ ಗಂಗಾ ಏಳು ತಿಂಗಳ ಬಸುರಿ ಅದಾಳ, ಅದನ್ನೂ ನೋಡ್ಕೊಳ್ರಿ. ಆಕಿಗೆ ಎಣ್ಣಿ ಹಚ್ಚಾಕ, ನೀರು ಹಾಕಾಕ ಬ್ಯಾರೆ ಯಾರ್ನರ ಹೇಳಿಡ್ರಿ. ನಾವಂತೂ ಇರಂಗಿಲ್ಲಲ್ಲ."

ಮುಂದಿನ ಮನೆಯೊಳಗಿಂದ ಗಂಗಾಳ ದನಿ ಬಂತು. "ಮಾವಾ! ಒಳಗ ಬರ್ರಿ ಸುಮ್ನ!"

ಹುಲುಗಪ್ಪ ರಿವರ್ಸ್ ತೆಗೆದುಕೊಂಡ. ಸಂಜೆ ಗಂಗಾಳ ಕೈಯಲ್ಲಿ, ಬಾಣಂತಿಯರಿಗೆ ಕೊಡುವ ಅಂಟಿನುಂಡೆಯನ್ನು ಒಂದು ಬುಟ್ಟಿ ಕಳಿಸಿದ. ಸುದ್ದಿ ಬೀದಿಗೆ ಹರಡಿತು. ಎದುರು ಮನೆಯವರು ಒಣಕೊಬ್ಬರಿ ತಂದರು. ಮೂಲೆ ಮನೆಯ ಬಸಕ್ಕ ತುಪ್ಪ ತಂದು, ಸೀರೆಯ ಸಂದಿನಿಂದ ಕೂಸನ್ನು ನೋಡಿ, "ತಾಯಿ ಮಾರಿನ ಐತಿ" ಎಂದಳು. ಬಾಣಂತಿ ಏನೂ ತಿನ್ನದ ಕಾರಣ ಎಲ್ಲವೂ ವೀರೇಶನ ಪಾಲಾಯಿತು. ಮೊದಲ ನಾಲ್ಕು ದಿನ ರುಚಿಯಾಗಿತ್ತು. ಆಮೇಲೆ ಅವನು ಪ್ರತಿ ಉಂಡೆಯನ್ನೂ ಅರ್ಧ ಕಚ್ಚಿ ಬುಟ್ಟಿಗೇ ಹಿಂದಿಡತೊಡಗಿದ. ಕಂಪನಿಗೆ ಎಷ್ಟು ಸುಳ್ಳು ಹೇಳಿದರೂ ಅದು ಮಾತುಕತೆ; ಇಲ್ಲಿ ಅವನು ಹಡೆದ ತಾಯಿಯನ್ನು ಪೆದ್ದಿ ಮಾಡಿದ್ದ.

ಬಾಣಂತನದ ಹನ್ನೊಂದನೆಯ ದಿನ ತಡೆಯಲಾಗಲಿಲ್ಲ. ಎರ್ರೆಮ್ಮ ಅಕ್ಕಿ ಆರಿಸುತ್ತಿದ್ದಳು. ವೀರೇಶ್ ಎದುರು ಕುಳಿತ.

"ಯವ್ವ, ಒಂದು ಮಾತು. ಅದು ಹಡದಿಲ್ಲ. ಕೂಸು ಕೂಸಲ್ಲ, ಪೊರಿ. ಕಾಲು ಅವತ್ತ ಬಂದೈತಿ. ನಾ ಹೇಳಲಿಲ್ಲ. ತಪ್ಪಾತು."

ಎರ್ರೆಮ್ಮ ಒಂದು ಹರಳು ಹುಡುಕಿ ಪಕ್ಕಕ್ಕಿಟ್ಟಳು.

"ಕಂಪ್ಲಿ ಗದ್ದ್ಯಾಗ ಬೆಳದಾಕಿ ನಾನು. ಏಡಿ ಪೊರಿ ಬಿಡೋದು ನೋಡೀನಿ, ಹಾವು ಬಿಡೋದು ನೋಡೀನಿ. ಮೂವತ್ತು ವರ್ಷ ಬಾಣಂತನ ಮಾಡೀನಿ. ಹಡೆದದ್ದು ಯಾವ್ದು, ಅಂಗಿ ಬಿಚ್ಚಿಟ್ಟದ್ದು ಯಾವ್ದು ಗೊತ್ತಾಗಂಗಿಲ್ಲೇನಲೇ ನನಗ?"

ವೀರೇಶ್ ಮುಂದಕ್ಕೆ ಸರಿದು ಕುಳಿತ.

"ಗೊತ್ತಿತ್ತಾ? ಮತ್ತ ಹಡದಾಳ ಅಂತ ಯಾಕಂದಿ?"

"ನೀ ಆ ಹುಲುಗಪ್ಪನ ಹಂತ್ಯಾಕ ಮೂರು ಸಲ ಹೋಗಿ ಏನು ತಂದಿ? ಪೊರಿ ಬಿಟ್ಟೈತಿ ಅಂದಿದ್ರ ಬಿಡ್ತಿದ್ನೇನು? ಬಾಣಂತಿ ಅಂದೆ, ಬಿಟ್ಟ."

"ಕರಾರಿನ ಪ್ರಕಾರ ಕಾಲು ಬಂದ ದಿನ..."

"ಆ ಶಾವಿಗಿ ಕಾಲಿಟ್ಕೊಂಡು ಅಕಿ ಗುಡ್ಡ ಹತ್ತತಾಳೇನಲೇ? ಕರಾರಿಗೆ ಸಹಿ ಮಾಡಿದಾವ ನೀನು, ನಾ ಅಲ್ಲ."

"ನನಗರ ಹೇಳಬಾರದಾಗಿತ್ತೇನು ಯವ್ವ?"

"ನಿನಗ ಹೇಳಿದ್ರ ಮರುದಿನ ಬಸ್ಸಿನ ತುಂಬ ಹೇಳ್ತಿದ್ದಿ. ತಪ್ಪು ಮಾಡೀನಿ ಅಂತ ಅಂಜ್ಕೊಂಡಿದ್ದಿ ನೋಡು, ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದಿ. ಮನಿ ಭಾಳ ತಣ್ಣಗಿತ್ತು," ಎಂದು ಎರ್ರೆಮ್ಮ ಮೊರವನ್ನು ಅವನ ಮಡಿಲಿಗೆ ದೂಡಿ ಎದ್ದಳು. "ಉಳಿದದ್ದು ಆರಿಸು."

ವೀರೇಶ್ ಆರಿಸಿದ.

ಗಂಗಾಳ ಹೆರಿಗೆಗೆ ಡಾಕ್ಟರು ದೀಪಾವಳಿ ಮುಗಿದ ವಾರವನ್ನು ಹೇಳಿದ್ದಾರೆ. ಅಲ್ಲಿಯವರೆಗೆ ಡಬ್ಬಿ ಮನೆಯಲ್ಲೇ ಇರುತ್ತದೆ. ಗುಡ್ಡಕ್ಕೆ ಬಿಡುವ ದಿನವನ್ನು ಎರ್ರೆಮ್ಮ ಆಮೇಲೆ ಗೊತ್ತು ಮಾಡುತ್ತಾಳೆ.